ವಿಕಾಸವೃಕ್ಷಕ್ಕೆ ಕನ್ನಡ ಹೆಸರು: ನ್ಯೂವಿಕ್ ಸಾಲಿನಿಂದ ಗೋಡೆಪಟದವರೆಗೆ

ಬೆಂಗಳೂರಿನ ಒಂದು ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ವಿಭಾಗಕ್ಕಾಗಿ, ಲಾಲ್‌ಬಾಗ್‌ನಲ್ಲಿ, ರಸ್ತೆಬದಿಯಲ್ಲಿ ಮತ್ತು ಅಡುಗೆಮನೆಯಲ್ಲಿ ವಿದ್ಯಾರ್ಥಿಗಳು ದಿನವೂ ಕಾಣುವ ಸಸ್ಯಗಳನ್ನೆಲ್ಲ ಒಂದೇ ವಿಕಾಸವೃಕ್ಷದಲ್ಲಿ ಕನ್ನಡ ಹೆಸರುಗಳೊಂದಿಗೆ ತೋರಿಸುವ ಗೋಡೆಪಟವೊಂದನ್ನು ಸಿದ್ಧಪಡಿಸಿದೆ. ಈ ಬರಹ ಆ ಕೆಲಸದ ದಾಖಲೆ. ವೃಕ್ಷವನ್ನು ಲೆಕ್ಕಹಾಕುವ ತಂತ್ರಾಂಶಗಳ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಲೆಕ್ಕ ಮುಗಿದು ಕೈಗೆ ಬಂದ ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸಿ, ಬೇರು ಕೂರಿಸಿ, ಹೆಸರು ಸೇರಿಸಿ, ಚಿತ್ರವಾಗಿಸುವ ಹಾದಿಯಲ್ಲಿ ಏನೇನು ಕಳೆದುಹೋಗಬಹುದು ಮತ್ತು ಯಾವುದು ಸದ್ದಿಲ್ಲದೆ ಜಾಗ ಬದಲಿಸಬಹುದು ಎಂಬುದರ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಆದ್ದರಿಂದ ಆ ಭಾಗವನ್ನೇ ಇಲ್ಲಿ ಹೆಚ್ಚು ವಿವರಿಸಿದ್ದೇನೆ.

ಸಸ್ಯಗಳ ಆಯ್ಕೆ ವಿಭಾಗದ ಉಪನ್ಯಾಸಕಿಯವರದು. ಹೂ ಬಿಡದ ಬೀಜಸಸ್ಯಗಳಾದ ಸೈಕಸ್ ಮತ್ತು ಅರಾಕೇರಿಯಾ ಹೊರಗುಂಪು, ಅಂದರೆ ಹೂಬಿಡುವ ಸಸ್ಯಗಳ ಕವಲಿನ ಹೊರಗೆ ನಿಂತು ವೃಕ್ಷದ ಬೇರು ಎಲ್ಲಿದೆಯೆಂದು ತೋರಿಸುವವು. ಹೂಬಿಡುವ ಸಸ್ಯಗಳಲ್ಲಿ ನೈದಿಲೆ, ಸಂಪಿಗೆ, ಸೀತಾಫಲ, ಕರಿಮೆಣಸು, ವೀಳ್ಯದೆಲೆ, ತೆಂಗು, ಅಡಿಕೆ, ಭತ್ತ, ರಾಗಿ, ತಾವರೆ, ಸಿಲ್ವರ್ ಓಕ್, ಶ್ರೀಗಂಧ, ಹೊಂಗೆ, ಹುಣಸೆ, ಹಲಸು, ಅರಳಿ, ನಾಗಸಂಪಿಗೆ, ನೇರಳೆ, ಮಾವು, ಬೇವು, ದಾಸವಾಳ, ಕಾಫಿ ಮತ್ತು ಬದನೆ. ಒಟ್ಟು 25 ತುದಿಗಳು. ಇವುಗಳಲ್ಲಿ ಪಟಕ್ಕೆ ತಿರುಳು ಕೊಡುವವು ತಾವರೆ ಮತ್ತು ನೈದಿಲೆ. ಒಂದೇ ಕೆರೆಯಲ್ಲಿ ಅಕ್ಕಪಕ್ಕ ಅರಳುವ ಇವೆರಡನ್ನೂ ಹಿಂದೆ ಸಸ್ಯಶಾಸ್ತ್ರಜ್ಞರು ಹತ್ತಿರದ ನಂಟರೆಂದೇ ಭಾವಿಸಿದ್ದರು. 1993ರಲ್ಲಿ ಸುಮಾರು 500 ಬೀಜಸಸ್ಯಗಳ ಆರ್‌ಬಿಸಿಎಲ್ ಜೀನ್ ಅನುಕ್ರಮಗಳನ್ನು ಹೋಲಿಸಿದ ದೊಡ್ಡ ಅಧ್ಯಯನವೊಂದರಲ್ಲಿ ತಾವರೆ ನೈದಿಲೆಯಿಂದ ಬಹುದೂರ ಸರಿದು ಬೇರೆಯೇ ಕವಲಿಗೆ ಸೇರಿತು. ಹೂಬಿಡುವ ಸಸ್ಯಗಳ 1998ರ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್) ವರ್ಗೀಕರಣದಲ್ಲಿಯೂ 2016ರ ಅದರ ನಾಲ್ಕನೆಯ ಆವೃತ್ತಿಯಲ್ಲಿಯೂ ತಾವರೆ ಇರುವುದು ಪ್ರೋಟಿಯೇಲ್ಸ್ ಗಣದಲ್ಲಿ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕೂಡ ಅದೇ ಗಣದ್ದು. ನೀರಿನ ತಾವರೆಗೆ ನೀರಿನ ನೈದಿಲೆಗಿಂತ ತೋಟದ ಮರ ಹತ್ತಿರದ ನಂಟು ಎಂಬುದನ್ನು ಹದಿನಾರು ವರ್ಷದ ವಿದ್ಯಾರ್ಥಿಗೆ ಹೇಳಬೇಕಾದರೆ, ಆ ಕವಲನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಸಂಖ್ಯೆ ಪಟದಲ್ಲಿ ಸರಿಯಾದ ಕೊಂಬೆಯ ಮೇಲೆಯೇ ಇರಬೇಕು. ಇಡೀ ಕೆಲಸದಲ್ಲಿ ನಾನು ಹೆಚ್ಚು ಕಾಳಜಿ ವಹಿಸಿದ್ದು ಈ ಒಂದು ವಿಷಯಕ್ಕೆ.

ಲೆಕ್ಕದ ಭಾಗ ಸರಳವಾಗಿತ್ತು. ಆರ್‌ಬಿಸಿಎಲ್ ಕ್ಲೋರೋಪ್ಲಾಸ್ಟಿನಲ್ಲಿರುವ, ರುಬಿಸ್ಕೋ ಕಿಣ್ವದ ದೊಡ್ಡ ಘಟಕವನ್ನು ರೂಪಿಸುವ ಜೀನ್. ಉದ್ದ ಸುಮಾರು 1400 ಡಿಎನ್‌ಎ ಅಕ್ಷರಗಳು. ಇದರಲ್ಲಿ ನಡುವೆ ಅಕ್ಷರಗಳು ಸೇರುವುದು ಅಥವಾ ಬಿಟ್ಟುಹೋಗುವುದು ವಿರಳವಾದ್ದರಿಂದ ಅನುಕ್ರಮಗಳನ್ನು ಒಂದರ ಕೆಳಗೊಂದು ಹೊಂದಿಸುವುದು ಸುಲಭ. ಶ್ರೀಗಂಧ ಬೇರಿನ ಮೂಲಕ ಬೇರೆ ಗಿಡಗಳಿಂದ ನೀರು ಮತ್ತು ಲವಣ ಹೀರುವ ಅರೆಪರಾವಲಂಬಿಯಾದರೂ ಅದಕ್ಕೆ ಹಸಿರೆಲೆಗಳಿವೆ, ಆದ್ದರಿಂದ ಈ ಜೀನ್ ಅದರಲ್ಲಿ ಸುಸ್ಥಿತಿಯಲ್ಲಿದೆ. ಪೂರ್ಣ ಪರಾವಲಂಬಿ ಸಸ್ಯವೊಂದನ್ನು ಪಟ್ಟಿಗೆ ಸೇರಿಸಿದ್ದರೆ ಬೇರೆ ಜೀನ್ ಹುಡುಕಬೇಕಾಗಬಹುದಿತ್ತು. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಜೀನ್ ಸಂಗ್ರಹದಲ್ಲಿರುವ ಅನುಕ್ರಮಗಳನ್ನು ಇಳಿಸಿಕೊಂಡು, ಮ್ಯಾಫ್ಟ್ ತಂತ್ರಾಂಶದಿಂದ ಹೊಂದಿಸಿ, ಐಕ್ಯೂ-ಟ್ರೀ ತಂತ್ರಾಂಶದಿಂದ ವೃಕ್ಷ ಪಡೆದೆ.

ಐಕ್ಯೂ-ಟ್ರೀ ಕೊಡುವುದು ಚಿತ್ರವನ್ನಲ್ಲ, ನ್ಯೂವಿಕ್ ರೂಪದ ಒಂದೇ ಒಂದು ಉದ್ದ ಸಾಲನ್ನು. ಒಂದು ಕವಲಿನ ಮಕ್ಕಳನ್ನು ಆವರಣದೊಳಗೆ ಅಲ್ಪವಿರಾಮಗಳಿಂದ ಬೇರ್ಪಡಿಸಿ ಬರೆಯುವುದು, ಕೋಲನ್ ಚಿಹ್ನೆಯ ಬಳಿಕ ಕೊಂಬೆಯ ಉದ್ದವನ್ನು ಕೊಡುವುದು, ಕೊನೆಗೆ ಅರ್ಧವಿರಾಮ ಹಾಕುವುದು ಇದರ ಕ್ರಮ. ಮರಗಳಿಗೂ ಒಂದರೊಳಗೊಂದು ಕೂರುವ ಆವರಣಗಳಿಗೂ ಇರುವ ಹೊಂದಾಣಿಕೆಯನ್ನು ಗಣಿತಜ್ಞ ಆರ್ಥರ್ ಕೇಲಿ 1857ರಲ್ಲಿಯೇ ಗುರುತಿಸಿದ್ದರು. ಈಗಿನ ರೂಪವನ್ನು ವಿಕಾಸ ವಿಜ್ಞಾನಿ ಜೋಸೆಫ್ ಫೆಲ್ಸೆನ್‌ಸ್ಟೀನ್ ಮೊದಲಾದವರಿದ್ದ ಅನೌಪಚಾರಿಕ ಸಮಿತಿಯೊಂದು 1986ರ ಜೂನ್ 26ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಪ್ಪಿಕೊಂಡಿತು. ಅವರ ಕೊನೆಯ ಸಭೆ ನ್ಯೂವಿಕ್ಸ್ ಎಂಬ ಹೋಟೆಲಿನಲ್ಲಿ ನಡೆದದ್ದರಿಂದ ಈ ಹೆಸರು ನಿಂತಿತು. ಈ ರೂಪದ ಬಲ ಅದರ ಸರಳತೆಯಲ್ಲಿದೆ, ಅದರ ತೊಂದರೆಗಳ ಮೂಲವೂ ಅಲ್ಲಿಯೇ ಇದೆ. ತುದಿಯ ಹೆಸರು, ಒಳಗಂಟಿನ ಹೆಸರು ಮತ್ತು ಉದ್ದ, ಇವಿಷ್ಟಕ್ಕೆ ಮಾತ್ರ ಅದರಲ್ಲಿ ಜಾಗವಿದೆ. ಬೇರೆ ಏನನ್ನು ಸೇರಿಸಬೇಕಾದರೂ ಪ್ರತಿ ತಂತ್ರಾಂಶವೂ ತನ್ನದೇ ಉಪಾಯ ಮಾಡಿಕೊಂಡಿದೆ.

ಹೆಸರುಗಳು

ಮೊದಲು ತೀರ್ಮಾನಿಸಿದ್ದು ಕನ್ನಡ ಹೆಸರುಗಳು ಲೆಕ್ಕದ ಹಂತದಲ್ಲಿ ಎಲ್ಲಿಯೂ ಬರಬಾರದೆಂದು. ಐಕ್ಯೂ-ಟ್ರೀ ತನಗೆ ಒಗ್ಗದ ಅಕ್ಷರಗಳನ್ನು ಅಡಿಗೆರೆಗಳಾಗಿ ಬದಲಿಸುತ್ತದೆ. ಅನುಕ್ರಮಗಳನ್ನು ಬರೆಯುವ ಹಳೆಯ ಫಿಲಿಪ್ ರೂಪದಲ್ಲಿ ಹೆಸರಿಗೆ ಹತ್ತೇ ಸ್ಥಾನಗಳು. ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕಾದ್ದರಿಂದ, ಕಣ್ಣಿಗೆ ಮೂರೇ ಅಕ್ಷರಗಳಾಗಿ ಕಾಣುವ ‘ಶ್ರೀಗಂಧ’ ಏಳು ಚಿಹ್ನೆಗಳಾಗಿ, 21 ಬೈಟ್‌ಗಳನ್ನು ತುಂಬುತ್ತದೆ. ಬೈಟ್ ಎಣಿಸುವ ತಂತ್ರಾಂಶ ಅದನ್ನು ಹತ್ತಕ್ಕೆ ಕತ್ತರಿಸಿದರೆ ದೀರ್ಘದ ಚಿಹ್ನೆ ನಡುವೆಯೇ ತುಂಡಾಗಿ ಫೈಲ್ ಓದಲಾಗದಂತಾಗುತ್ತದೆ.

ಕನ್ನಡ ಹೆಸರು ಗುರುತಾಗಿ ನಿಲ್ಲಲಾರದು ಎಂಬುದಕ್ಕೆ ಜೀವಶಾಸ್ತ್ರದ ಕಾರಣವೂ ಇದೆ. ಸಂಪಿಗೆ ಮ್ಯಾಗ್ನೋಲಿಯಾ ಕುಟುಂಬದ್ದು, ನಾಗಸಂಪಿಗೆ ಸುರಹೊನ್ನೆಯ ಕಡೆಯ ಕ್ಯಾಲೊಫಿಲೇಸಿ ಕುಟುಂಬದ್ದು, ದೇವಸಂಪಿಗೆಯೆಂದು ಹಲವರು ಕರೆಯುವುದು ಕಣಗಿಲೆಯ ಕುಟುಂಬದ ಪ್ಲುಮೇರಿಯಾವನ್ನು. ಆದ್ದರಿಂದ ಪ್ರತಿ ಸಸ್ಯಕ್ಕೂ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿಗಳ ಗುರುತನ್ನು ಕೊಟ್ಟು, ಗುರುತು, ವೈಜ್ಞಾನಿಕ ಹೆಸರು, ಕುಟುಂಬ, ಕನ್ನಡ ಹೆಸರು ಎಂಬ ನಾಲ್ಕು ಕಾಲಂಗಳ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಂಡೆ. ಗುರುತಿನಲ್ಲಿ ಅಡಿಗೆರೆಯನ್ನು ಬೇಕೆಂದೇ ಬಳಸಲಿಲ್ಲ. ನ್ಯೂವಿಕ್ ನಿಯಮದ ಪ್ರಕಾರ ಉದ್ಧರಣ ಚಿಹ್ನೆ ಇಲ್ಲದ ಹೆಸರಿನಲ್ಲಿ ಅಡಿಗೆರೆ ಎಂದರೆ ಖಾಲಿ ಜಾಗ. ವೃಕ್ಷಗಳನ್ನು ಓದುವ ಪೈಥಾನ್ ಭಾಷೆಯ ಡೆಂಡ್ರೋಪೈ ಗ್ರಂಥಾಲಯ ಈ ನಿಯಮವನ್ನು ಪಾಲಿಸಿ ಅಡಿಗೆರೆಯನ್ನು ಖಾಲಿ ಜಾಗವಾಗಿಸುತ್ತದೆ, ಬೇಡವೆಂದರೆ ಅದಕ್ಕೊಂದು ಆಯ್ಕೆಯನ್ನು ಹೇಳಬೇಕು. ಆರ್ ಭಾಷೆಯ ಅಂಥದೇ ಗ್ರಂಥಾಲಯವಾದ ಏಪ್ ಅಡಿಗೆರೆಯನ್ನು ಇದ್ದಂತೆಯೇ ಉಳಿಸುತ್ತದೆ. ಎರಡರ ನಡುವೆ ಫೈಲ್ ಓಡಾಡುವಾಗ ಹೆಸರುಗಳು ಹೊಂದದೆ ಹೋಗುವುದಕ್ಕೆ ಇಷ್ಟು ಸಾಕು.

ಉಪನ್ಯಾಸಕಿಯವರು ಕೊಟ್ಟ ಹೆಸರುಪಟ್ಟಿಯ ಒಂದು ಭಾಗ ಹಳೆಯ ನುಡಿ ಫಾಂಟಿನ ಆಸ್ಕಿ ಸಂಕೇತದಲ್ಲಿತ್ತು, ಉಳಿದದ್ದು ಫೋನಿನಲ್ಲಿ ಟೈಪ್ ಮಾಡಿದ ಯೂನಿಕೋಡ್. ಮೊದಲ ಭಾಗವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಬಳಿಕವೂ, ನೋಡಲು ಒಂದೇ ಆದ ‘ಬೇವು’ ಕಂಪ್ಯೂಟರಿಗೆ ಎರಡಾಗಿಯೇ ಉಳಿಯಬಹುದು. ದೀರ್ಘ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವದ ಮುಂದೆ ದೀರ್ಘದ ಚಿಹ್ನೆಯನ್ನು ಸೇರಿಸಿ ಎರಡಾಗಿಯೂ ಬರೆಯಬಹುದು. ಓತ್ವಕ್ಕೆ ಅದು ಮೂರರವರೆಗೆ ಹೋಗುತ್ತದೆ. ಇವನ್ನು ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಸಾಮಾನ್ಯೀಕರಣವನ್ನು ಇಡೀ ಪಟ್ಟಿಗೆ ಅನ್ವಯಿಸಿದೆ. ‘ಸಿಲ್ವರ್ ಓಕ್’ನಂಥ ಹೆಸರಿನಲ್ಲಿ ಅರ್ಧಾಕ್ಷರದ ಬಳಿಕ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆ ಕುಳಿತಿರಬಹುದು. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಅರ್ಧಾಕ್ಷರದ ಮುಂದೆ ವ್ಯಂಜನ ಬರುವಲ್ಲಿ ಆ ಚಿಹ್ನೆ ಅಗತ್ಯವಾದ್ದರಿಂದ ಅದನ್ನು ಎಲ್ಲ ಕಡೆ ಅಳಿಸುವಂತೆಯೂ ಇಲ್ಲ. ಪದದ ಕೊನೆಯಲ್ಲಿದ್ದರೆ ಮಾತ್ರ ತೆಗೆಯುವಂತೆ ಬರೆದೆ.

ಬೇರು ಮತ್ತು ಬೆಂಬಲ ಸಂಖ್ಯೆ

ಐಕ್ಯೂ-ಟ್ರೀಯ ವೃಕ್ಷಕ್ಕೆ ಬೇರಿಲ್ಲ. ಸಾಲನ್ನು ಎಲ್ಲಿಂದಲಾದರೂ ಬರೆಯಲು ಆರಂಭಿಸಲೇಬೇಕಾದ್ದರಿಂದ ಅದು ಮೂರು ಕವಲುಗಳಿರುವ ಒಂದು ಗಂಟಿನಿಂದ ಆರಂಭವಾಗುತ್ತದೆ, ಆ ಗಂಟಿಗೆ ಜೈವಿಕ ಅರ್ಥವೇನೂ ಇಲ್ಲ. ಹೊರಗುಂಪಿನ ಕೊಂಬೆಯ ಮೇಲೆ ಬೇರು ಕೂರಿಸಿದ ನಂತರವೇ ಅದನ್ನು ವಂಶಾವಳಿಯಾಗಿ ಓದಲು ಸಾಧ್ಯ.

ದತ್ತಾಂಶವನ್ನು ಮತ್ತೆಮತ್ತೆ ಮರುಮಾದರಿ ಮಾಡಿ ಪಡೆಯುವ ಬೂಟ್‌ಸ್ಟ್ರಾಪ್‌ನಂಥ ಬೆಂಬಲ ಸಂಖ್ಯೆ ಹೇಳುವುದು ಒಂದು ಕೊಂಬೆಯನ್ನು ಕಡಿದರೆ ತುದಿಗಳು ಯಾವ ಎರಡು ಗುಂಪುಗಳಾಗಿ ಬೇರ್ಪಡುತ್ತವೆಯೋ ಆ ವಿಭಜನೆ ಎಷ್ಟು ಗಟ್ಟಿ ಎಂಬುದನ್ನು. ಬೆಂಗಳೂರು–ಮೈಸೂರು ರಸ್ತೆಯ ಉದ್ದ ಹೇಗೆ ಎರಡರಲ್ಲಿ ಯಾವ ಊರಿನ ಗುಣವೂ ಅಲ್ಲವೋ ಹಾಗೆಯೇ ಈ ಸಂಖ್ಯೆ ಕೊಂಬೆಯ ಎರಡು ಕೊನೆಗಳಲ್ಲಿರುವ ಯಾವ ಗಂಟಿನದೂ ಅಲ್ಲ. ನ್ಯೂವಿಕ್‌ನಲ್ಲಿ ಕೊಂಬೆಗೆ ಹೆಸರಿಡುವ ಜಾಗವಿಲ್ಲದ್ದರಿಂದ, ಮುಚ್ಚುವ ಆವರಣದ ಬಳಿಕ ಒಳಗಂಟಿನ ಹೆಸರು ಬರೆಯಬೇಕಾದ ಸ್ಥಾನದಲ್ಲಿ ಅದನ್ನು ಬರೆಯುವ ರೂಢಿ ಬಂದಿದೆ. ಬೇರು ಬದಲಾಗದಿರುವವರೆಗೆ ಇದರಿಂದ ತೊಂದರೆಯಿಲ್ಲ. ಬದಲಾದೊಡನೆ ಏನಾಗುತ್ತದೆಂದು ತೋರಿಸಲು ಪರೀಕ್ಷೆಗೆಂದು ರಚಿಸಿಕೊಂಡ ಐದು ತುದಿಗಳ ವೃಕ್ಷ ಇದು. ಸಂಖ್ಯೆಗಳು ಉದಾಹರಣೆಗಷ್ಟೇ.

(ಮಾವು,ತಾವರೆ,(ತೆಂಗು,(ನೈದಿಲೆ,ಸೈಕಸ್)70)98);

ಇದರಲ್ಲಿ 98 ಎಂಬುದು ಮಾವು ಮತ್ತು ತಾವರೆಯನ್ನು ಉಳಿದ ಮೂರರಿಂದ ಬೇರ್ಪಡಿಸುವ ಕೊಂಬೆಯದು. 70 ಎಂಬುದು ನೈದಿಲೆ ಮತ್ತು ಸೈಕಸ್ ಅನ್ನು ಉಳಿದವುಗಳಿಂದ ಬೇರ್ಪಡಿಸುವ ಕೊಂಬೆಯದು. ಸೈಕಸ್ ಕೊಂಬೆಯ ಮೇಲೆ ಬೇರು ಕೂರಿಸಿದರೆ ಬರಬೇಕಾದ ಸಾಲು ಹೀಗಿದೆ.

(ಸೈಕಸ್,(ನೈದಿಲೆ,(ತೆಂಗು,(ತಾವರೆ,ಮಾವು)98)70));

ಸಂಖ್ಯೆಯನ್ನು ಗಂಟಿನ ಹೆಸರೆಂದೇ ತಿಳಿದು ಗಂಟಿನೊಂದಿಗೆ ಸಾಗಿಸುವ ತಂತ್ರಾಂಶ ಕೊಡುವ ಸಾಲು ಬೇರೆ.

(ಸೈಕಸ್,(ನೈದಿಲೆ,(ತೆಂಗು,(ತಾವರೆ,ಮಾವು))98)70);

ಮರದ ಆಕಾರ ಎರಡರಲ್ಲಿಯೂ ಒಂದೇ. ಆದರೆ ಎರಡನೆಯದರಲ್ಲಿ ತಾವರೆ ಮತ್ತು ಮಾವಿನ ಗುಂಪಿಗೆ ಬೆಂಬಲವೇ ಇಲ್ಲ, ಕೇವಲ 70 ಇರಬೇಕಾದ ಗುಂಪಿಗೆ 98 ಬಂದಿದೆ, ಹೂಬಿಡುವ ಸಸ್ಯಗಳೆಲ್ಲ ಸೇರಿದ ಗುಂಪಿಗೆ ದತ್ತಾಂಶ ಹೇಳದೇ ಇದ್ದ 70 ಅಂಟಿಕೊಂಡಿದೆ. ಎಲ್ಲಿಯೂ ದೋಷಸೂಚನೆ ಬರುವುದಿಲ್ಲ, ಚಿತ್ರ ಸುಂದರವಾಗಿಯೇ ಮೂಡುತ್ತದೆ. 2017ರಲ್ಲಿ ಲೂಕಾಸ್ ಚೆಕ್, ಹೈಮೆ ಹುಯೆರ್ಟಾ-ಸೆಪಾಸ್ ಮತ್ತು ಅಲೆಕ್ಸಾಂಡ್ರೋಸ್ ಸ್ಟಾಮಟಾಕಿಸ್ ಈ ವಿಷಯವನ್ನೇ ಪರಿಶೀಲಿಸಿ, ವ್ಯಾಪಕ ಬಳಕೆಯಲ್ಲಿರುವ ಹಲವು ವೃಕ್ಷವೀಕ್ಷಕ ತಂತ್ರಾಂಶಗಳಲ್ಲಿ ಇಂಥ ತಪ್ಪು ಸಂಭವಿಸುತ್ತದೆಂದು ತೋರಿಸಿದರು. ವೃಕ್ಷ ಬರೆಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಲೇಖನವನ್ನು ಓದಬೇಕೆಂದು ನನಗೆ ಅನಿಸುತ್ತದೆ. ಏಪ್‌ನಲ್ಲಿ ಬೇರು ಕೂರಿಸುವ ಆದೇಶಕ್ಕೆ, ಗಂಟಿನ ಹೆಸರನ್ನು ಕೊಂಬೆಯ ಹೆಸರೆಂದು ಪರಿಗಣಿಸು ಎಂದು ಹೇಳುವ ಆಯ್ಕೆಯಿದೆ. ಅದನ್ನು ನಾವೇ ಕೇಳಿ ಪಡೆಯಬೇಕು, ತಾನಾಗಿ ಜಾರಿಯಾಗುವುದಿಲ್ಲ.

ಆಯ್ಕೆಯೊಂದನ್ನೇ ನೆಚ್ಚಿಕೊಳ್ಳದೆ ಪರಿಶೀಲನೆಯ ಸಣ್ಣ ಕಾರ್ಯಕ್ರಮವೊಂದನ್ನು ಪೈಥಾನ್‌ನಲ್ಲಿ ಬರೆದೆ. ಬೇರು ಕೂರಿಸುವ ಮೊದಲು ಪ್ರತಿ ಒಳಕೊಂಬೆಯ ಒಂದು ಬದಿಯಲ್ಲಿರುವ ತುದಿಗಳ ಗುಂಪನ್ನು ಕೀಲಿಯಾಗಿಟ್ಟು ಅದರ ಬೆಂಬಲವನ್ನು ಬರೆದುಕೊಳ್ಳುತ್ತದೆ. ಎರಡು ಬದಿಗಳಲ್ಲಿ ಯಾವುದನ್ನು ಕೀಲಿಯಾಗಿಸಬೇಕೆಂಬ ಗೊಂದಲ ಬಾರದಿರಲು, ಸೈಕಸ್ ಇಲ್ಲದ ಬದಿಯನ್ನೇ ಯಾವಾಗಲೂ ಆರಿಸುತ್ತದೆ. ಬೇರು ಕೂರಿಸಿದ ಬಳಿಕ ಅದೇ ಪಟ್ಟಿಯನ್ನು ಮತ್ತೆ ತಯಾರಿಸಿ, ಎರಡೂ ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಮುಂದಕ್ಕೆ ಬಿಡುತ್ತದೆ. ಎಲ್ಲ ಕವಲುಗಳೂ ಎರಡಾಗಿ ಒಡೆದ 25 ತುದಿಗಳ ಬೇರಿಲ್ಲದ ವೃಕ್ಷದಲ್ಲಿ ಒಳಕೊಂಬೆಗಳು 22. ಬೇರು ಕೂರಿಸಿದ ಮೇಲೆ ಎಣಿಸಿದರೆ 23 ಬರುತ್ತದೆ, ಏಕೆಂದರೆ ಹೊರಗುಂಪಿನ ಜೋಡಿಯನ್ನು ಉಳಿದವುಗಳಿಂದ ಬೇರ್ಪಡಿಸುವ ಕೊಂಬೆ ಬೇರಿನ ಎರಡೂ ಬದಿಗೆ ಹಂಚಿಹೋಗಿರುತ್ತದೆ. ಆ ಎರಡು ತುಂಡುಗಳದು ಒಂದೇ ವಿಭಜನೆ ಮತ್ತು ಒಂದೇ ಬೆಂಬಲ, ಅವುಗಳ ಉದ್ದಗಳ ಮೊತ್ತ ಮೂಲ ಕೊಂಬೆಯ ಉದ್ದಕ್ಕೆ ಸಮನಾಗಿರಬೇಕು. ಈ ಮೊತ್ತವನ್ನೂ ಕಾರ್ಯಕ್ರಮ ನೋಡುತ್ತದೆ.

ಇನ್ನೊಂದು ವಿವರ ಇದೆ. ಎರಡು ಬಗೆಯ ಬೆಂಬಲವನ್ನು ಒಟ್ಟಿಗೆ ಕೇಳಿದರೆ ಐಕ್ಯೂ-ಟ್ರೀ 98.5/100 ಎಂಬಂತೆ ನಡುವೆ ಓರೆಗೆರೆ ಹಾಕಿ ಬರೆಯುತ್ತದೆ. ಸಂಖ್ಯೆಯನ್ನಷ್ಟೇ ನಿರೀಕ್ಷಿಸುವ ಓದುಗ ಕಾರ್ಯಕ್ರಮಗಳಿಗೆ ಇದು ಬರೀ ಪಠ್ಯವಾಗಿ ಕಾಣುತ್ತದೆ, ಆಗ 95ಕ್ಕಿಂತ ಹೆಚ್ಚಿನದನ್ನು ದಪ್ಪಗೆರೆಯಲ್ಲಿ ತೋರಿಸು ಎಂಬ ಸೂಚನೆಗೆ ಅರ್ಥವಿರುವುದಿಲ್ಲ. ಓದುವಾಗಲೇ ಓರೆಗೆರೆಯಲ್ಲಿ ಒಡೆದು ಎರಡು ಬೇರೆ ಸಂಖ್ಯೆಗಳಾಗಿ ಇಟ್ಟುಕೊಂಡೆ.

ರೂಪದಿಂದ ರೂಪಕ್ಕೆ

ವಿದ್ಯಾರ್ಥಿಗಳು ಫಿಗ್‌ಟ್ರೀ ಎಂಬ ವೀಕ್ಷಕ ತಂತ್ರಾಂಶದಲ್ಲಿ ವೃಕ್ಷವನ್ನು ತಾವೇ ತಿರುಗಿಸಿ ನೋಡಲೆಂದು ನೆಕ್ಸಸ್ ರೂಪವೂ ಬೇಕೆಂದು ಉಪನ್ಯಾಸಕಿಯವರು ಕೇಳಿದ್ದರು. 1997ರಲ್ಲಿ ಮ್ಯಾಡಿಸನ್, ಸ್ವಾಫರ್ಡ್ ಮತ್ತು ಮ್ಯಾಡಿಸನ್ ಪ್ರಕಟಿಸಿದ ನೆಕ್ಸಸ್‌ನಲ್ಲಿ ಒಂದು ಫೈಲ್ ಹಲವು ಖಂಡಗಳಾಗಿರುತ್ತದೆ. ವೃಕ್ಷಗಳ ಖಂಡದಲ್ಲಿ ಹೆಸರುಗಳಿಗೆ ಅಂಕಿ ಕೊಡುವ ಕೋಷ್ಟಕ ಮೊದಲು, ಆಮೇಲೆ ಅಂಕಿಗಳಿಂದ ಬರೆದ ನ್ಯೂವಿಕ್ ಸಾಲು. ಗುರುತುಗಳನ್ನು ಕನ್ನಡ ಹೆಸರಾಗಿಸಲು ಈ ಕೋಷ್ಟಕ ಅನುಕೂಲದ ಜಾಗ. ಸಾಲನ್ನು ಮುಟ್ಟದೆ ಕೋಷ್ಟಕವನ್ನಷ್ಟೇ ಬದಲಿಸಿದರೆ ಸಾಕು. ‘ಸಿಲ್ವರ್ ಓಕ್’ ನಡುವೆ ಖಾಲಿ ಜಾಗ ಇರುವುದರಿಂದ ಅದನ್ನು ಒಂಟಿ ಉದ್ಧರಣ ಚಿಹ್ನೆಗಳೊಳಗೆ ಬರೆಯಬೇಕು.

ಪರಿವರ್ತನೆಯಲ್ಲಿ ನಿಜವಾದ ಅಪಾಯ ಚೌಕಾವರಣಗಳದು. ನ್ಯೂವಿಕ್ ಮತ್ತು ನೆಕ್ಸಸ್ ಎರಡರಲ್ಲಿಯೂ ಚೌಕಾವರಣದೊಳಗಿನದು ಟಿಪ್ಪಣಿ, ಓದುವ ತಂತ್ರಾಂಶ ಅದನ್ನು ಬಿಟ್ಟುಬಿಡಬಹುದು. ಆದರೆ ಬೇರಿದೆಯೇ ಇಲ್ಲವೇ ಎಂಬ ಸೂಚನೆಯೂ, ಬೀಸ್ಟ್ ಮತ್ತು ಮಿಸ್ಟರ್‌ಬೇಯ್ಸ್ ತಂತ್ರಾಂಶಗಳ ಸಂಭಾವ್ಯತೆಗಳೂ, ರಾಕ್ಸ್‌ಎಂಎಲ್ ತನ್ನ ಒಂದು ಫೈಲಿನಲ್ಲಿ ಕೊಂಬೆಯ ಉದ್ದದ ಬಳಿಕ ಕೊಡುವ ಬೆಂಬಲವೂ, ಫಿಗ್‌ಟ್ರೀ ಸೇರಿಸುವ ಬಣ್ಣಗಳೂ ಇರುವುದು ಅದೇ ಚೌಕಾವರಣಗಳಲ್ಲಿ. ಟಿಪ್ಪಣಿಗಳನ್ನೆಲ್ಲ ಒಂದೇ ಏಟಿಗೆ ಅಳಿಸುವ ಪರಿವರ್ತಕ ಇವೆಲ್ಲವನ್ನೂ ಅಳಿಸುತ್ತದೆ. ಇದಕ್ಕೆ ಉತ್ತರವಾಗಿಯೇ 2009ರಲ್ಲಿ ಫೈಲೋಎಕ್ಸ್‌ಎಂಎಲ್, 2012ರಲ್ಲಿ ನೆಕ್ಸ್‌ಎಂಎಲ್ ಬಂದವು. ಅವುಗಳಲ್ಲಿ ಬೆಂಬಲಕ್ಕೆ ಅದರದೇ ಜಾಗವಿದೆ. ದೀರ್ಘಕಾಲ ಉಳಿಯಬೇಕಾದ ಪ್ರತಿಗೆ ನಾನು ಫೈಲೋಎಕ್ಸ್‌ಎಂಎಲ್ ಆರಿಸಿದೆ. ಬಯೋಪೈಥಾನ್ ಅದನ್ನು ಬರೆಯಬಲ್ಲದು.

ಪ್ರತಿ ಪರಿವರ್ತನೆಯ ನಂತರ ಹೊಸ ಫೈಲನ್ನು ಮತ್ತೆ ಓದಿ ಮೂಲದೊಂದಿಗೆ ರಾಬಿನ್ಸನ್–ಫೌಲ್ಡ್ಸ್ ದೂರ ಲೆಕ್ಕ ಹಾಕಿದೆ. 1981ರಲ್ಲಿ ಪ್ರಕಟವಾದ ಈ ಅಳತೆ ಎರಡು ವೃಕ್ಷಗಳಲ್ಲಿ ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ವಿಭಜನೆಗಳನ್ನು ಎಣಿಸುತ್ತದೆ. ಸೊನ್ನೆ ಬಂದರೆ ಆಕಾರ ಉಳಿದಿದೆ. ಆದರೆ ಮೇಲಿನ ಐದು ತುದಿಗಳ ಉದಾಹರಣೆಯಲ್ಲಿ ಸರಿಯಾದ ವೃಕ್ಷಕ್ಕೂ ತಪ್ಪಾದದ್ದಕ್ಕೂ ನಡುವಿನ ದೂರ ಕೂಡ ಸೊನ್ನೆಯೇ. ಬೆಂಬಲದ ಪರಿಶೀಲನೆಯನ್ನು ಬೇರೆಯಾಗಿ ಮಾಡಲೇಬೇಕು.

ಚಿತ್ರ

ವೃತ್ತಾಕಾರದ ವಿನ್ಯಾಸ ಕಣ್ಣಿಗೆ ಹಬ್ಬವಾದರೂ ಅದರಲ್ಲಿ ಹೆಸರುಗಳು ಓರೆಯಾಗಿ, ಕೆಲವು ತಲೆಕೆಳಗಾಗಿ ನಿಲ್ಲುತ್ತವೆ. ಒತ್ತಕ್ಷರಗಳಿರುವ ಲಿಪಿಯನ್ನು ದೂರದಿಂದ ಓದಲು ಅದು ಹೊಂದುವುದಿಲ್ಲ, ಆದ್ದರಿಂದ ಆಯತ ವಿನ್ಯಾಸವನ್ನೇ ಉಳಿಸಿಕೊಂಡೆ. ಅದರ ಗಣಿತ ಚಿಕ್ಕದು. ತುದಿಗಳನ್ನು ಮೇಲಿನಿಂದ ಕೆಳಕ್ಕೆ ಸಮ ಅಂತರದಲ್ಲಿ ಇಟ್ಟು, ಪ್ರತಿ ಒಳಗಂಟನ್ನು ಅದರ ಮಕ್ಕಳ ಎತ್ತರಗಳ ಸರಾಸರಿಯಲ್ಲಿ ಕೂರಿಸಿ, ಬೇರಿನಿಂದ ಅಲ್ಲಿಯವರೆಗಿನ ಕೊಂಬೆಗಳ ಉದ್ದವನ್ನು ಕೂಡಿ ಅಡ್ಡ ಸ್ಥಾನವನ್ನು ಪಡೆಯುವುದು. ಎ1 ಹಾಳೆಯ 841 ಮಿಲಿಮೀಟರ್ ಎತ್ತರದಲ್ಲಿ ಶೀರ್ಷಿಕೆ ಮತ್ತು ಅಂಚುಗಳನ್ನು ಬಿಟ್ಟರೆ ಪ್ರತಿ ಹೆಸರಿಗೆ 28 ಮಿಲಿಮೀಟರ್ ಸಿಗುತ್ತದೆ.

ಕೊಂಬೆಗಳ ಉದ್ದವನ್ನು ತೋರಿಸದೆ ಎಲ್ಲ ತುದಿಗಳನ್ನೂ ಒಂದೇ ಗೆರೆಗೆ ತಂದರೆ ಪಟ ಅಚ್ಚುಕಟ್ಟಾಗಿ ಕಾಣುತ್ತದೆ. ಹಾಗೆ ಮಾಡಲು ನನಗೆ ಮನಸ್ಸಾಗಲಿಲ್ಲ. ಹುಲ್ಲಿನ ಕುಟುಂಬದಲ್ಲಿ ಆರ್‌ಬಿಸಿಎಲ್ ತಾಳೆಯ ಕುಟುಂಬಕ್ಕಿಂತ ಬಹಳ ವೇಗವಾಗಿ ಬದಲಾಗಿರುವುದರಿಂದ ರಾಗಿ ಮತ್ತು ಭತ್ತದ ಕೊಂಬೆಗಳು ಉದ್ದವಾಗಿ ಚಾಚುತ್ತವೆ, ತೆಂಗು ಮತ್ತು ಅಡಿಕೆಯವು ಮೋಟಾಗಿ ನಿಲ್ಲುತ್ತವೆ. ಇದು ವಿದ್ಯಾರ್ಥಿಗಳು ಕಾಣಬೇಕಾದ ಸಂಗತಿ. ಅಳತೆಗೆರೆಯ ಕೆಳಗೆ ‘ಪ್ರತಿ ಸ್ಥಾನಕ್ಕೆ ಆದ ಬದಲಾವಣೆ, ವರ್ಷಗಳಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದದ್ದು ಇದಕ್ಕಾಗಿಯೇ. ಬೆಂಬಲಕ್ಕೆ ಕೊಂಬೆಯ ಮೇಲೆ ಅಂಕಿ ಬರೆಯುವ ಬದಲು ಗೆರೆಯ ದಪ್ಪವನ್ನು ಬಳಸಿದೆ. ಮೇಲೆ ಹೇಳಿದ ಎರಡು ಬಗೆಯ ಬೆಂಬಲಗಳಾದ ಎಸ್‌ಎಚ್-ಎಎಲ್‌ಆರ್‌ಟಿಗೆ 80 ಮತ್ತು ಅತಿವೇಗದ ಬೂಟ್‌ಸ್ಟ್ರಾಪ್‌ಗೆ 95 ಎಂಬ ಮಿತಿಗಳಲ್ಲಿ ಎರಡನ್ನೂ ಮುಟ್ಟಿದ ಕೊಂಬೆ ದಪ್ಪ, ಒಂದನ್ನಷ್ಟೇ ಮುಟ್ಟಿದ್ದು ತೆಳು, ಎರಡನ್ನೂ ಮುಟ್ಟದ್ದು ತುಂಡುಗೆರೆ. ಒಂದೇ ಜೀನಿನಿಂದ ಕಟ್ಟಿದ ವೃಕ್ಷದಲ್ಲಿ ತುಂಡುಗೆರೆಗಳು ಇರುವುದು ಸಹಜ, ಅವನ್ನು ಮರೆಮಾಡುವುದು ಸರಿಯಲ್ಲ.

ಕನ್ನಡ ಅಕ್ಷರ ಮೂಡಿಸುವುದಕ್ಕೆ ತಂತ್ರಾಂಶಕ್ಕೆ ಫಾಂಟ್ ಇದ್ದರೆ ಸಾಲದು, ಗುಣಿತ ಮತ್ತು ಒತ್ತುಗಳನ್ನು ಜೋಡಿಸುವ ಹಾರ್ಫ್‌ಬಜ್‌ನಂಥ ಯಂತ್ರಾಂಗವೂ ಬೇಕು. ಅದಿಲ್ಲದ, ಚಿತ್ರ ಬರೆಯುವ ಕೋಡ್ ಗ್ರಂಥಾಲಯಗಳಲ್ಲಿ ‘ವೀಳ್ಯದೆಲೆ’ಯ ಯ-ಒತ್ತು ಕಳಚಿ ಅರ್ಧಾಕ್ಷರದ ಪಕ್ಕದಲ್ಲಿ ಇಡೀ ‘ಯ’ ನಿಲ್ಲುತ್ತದೆ. ಆದ್ದರಿಂದ ನನ್ನ ಕಾರ್ಯಕ್ರಮ ಎಸ್‌ವಿಜಿ ಎಂಬ ರೇಖಾಚಿತ್ರ ರೂಪದಲ್ಲಿ ಗೆರೆಗಳನ್ನೂ ಹೆಸರುಗಳನ್ನೂ ಬರೆದುಕೊಟ್ಟು, ಅಕ್ಷರ ಮೂಡಿಸುವ ಹೊಣೆಯನ್ನು ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶಕ್ಕೆ ಬಿಡುತ್ತದೆ. ಹೆಸರಿಗೆ ಎಷ್ಟು ಅಗಲ ಬಿಡಬೇಕೆಂಬುದನ್ನು ಯೂನಿಕೋಡ್ ಚಿಹ್ನೆಗಳನ್ನು ಎಣಿಸಿ ಊಹಿಸುವಂತಿಲ್ಲ, ಏಳು ಚಿಹ್ನೆಗಳ ‘ಶ್ರೀಗಂಧ’ಕ್ಕಿಂತ ಆರು ಚಿಹ್ನೆಗಳ ‘ದಾಸವಾಳ’ವೇ ಅಗಲ. ಪಠ್ಯ ಜೋಡಿಸುವ ಪ್ಯಾಂಗೋ ಗ್ರಂಥಾಲಯದಿಂದ ಪ್ರತಿ ಹೆಸರನ್ನೂ ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ ಅಳೆದು, ಅತಿ ಅಗಲದ ಹೆಸರಿಗೆ ಬೇಕಾದಷ್ಟನ್ನು ಬಲಕ್ಕೆ ಬಿಟ್ಟು, ಉಳಿದ ಅಗಲವನ್ನು ವೃಕ್ಷಕ್ಕೆ ಕೊಟ್ಟೆ.

ಮುದ್ರಣದ ಅಂಗಡಿಯವರು ಕೇಳಿದ್ದು ಒಂದೇ ಮಾತು: “ಸಾರ್, ಅಕ್ಷರ ಎಲ್ಲಾ ಕರ್ವ್ ಮಾಡ್ಕೊಂಡು ತನ್ನಿ, ಇಲ್ಲಾಂದ್ರೆ ನಮ್ ಸಿಸ್ಟಮ್ಮಲ್ಲಿ ಫಾಂಟ್ ಒಡ್ದೋಗುತ್ತೆ.” ಇಂಕ್‌ಸ್ಕೇಪ್‌ನಿಂದ ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು ರೇಖೆಗಳಾಗಿಸುವ ಆಯ್ಕೆಯನ್ನು ಬಳಸಿದರೆ ಈ ಬೇಡಿಕೆ ಪೂರೈಸುತ್ತದೆ. ಹಾಗೆ ಮಾಡಿದ ಪಿಡಿಎಫ್‌ನಲ್ಲಿ ಹೆಸರನ್ನು ಹುಡುಕಲೂ ತಿದ್ದಲೂ ಆಗುವುದಿಲ್ಲವಾದ್ದರಿಂದ ಕಾಲೇಜಿಗೆ ಕೊಟ್ಟ ಕಡತದಲ್ಲಿ ಎಸ್‌ವಿಜಿ, ಹೆಸರುಪಟ್ಟಿ, ಹೊಂದಿಸಿದ ಅನುಕ್ರಮಗಳು, ಬೇರಿಲ್ಲದ ಮೂಲ ನ್ಯೂವಿಕ್ ಸಾಲು, ನೆಕ್ಸಸ್ ಮತ್ತು ಫೈಲೋಎಕ್ಸ್‌ಎಂಎಲ್ ಪ್ರತಿಗಳು, ಪರಿಶೀಲನೆಯ ಕಾರ್ಯಕ್ರಮ ಎಲ್ಲವನ್ನೂ ಸೇರಿಸಿದ್ದೇನೆ. ಉಪನ್ಯಾಸಕಿಯವರು ಮುಂದಿನ ಶೈಕ್ಷಣಿಕ ವರ್ಷಕ್ಕೆ ಕರಿಬೇವು ಮತ್ತು ಹೊನ್ನೆಯನ್ನು ಸೇರಿಸಬೇಕೆಂದಿದ್ದಾರೆ. ಆಗ ಕ್ಲೋರೋಪ್ಲಾಸ್ಟಿನದೇ ಆದ ಮ್ಯಾಟ್‌ಕೆ ಜೀನನ್ನೂ ಜೊತೆಗೆ ತೆಗೆದುಕೊಂಡು, ಈಗ ತುಂಡುಗೆರೆಯಲ್ಲಿರುವ ಕೊಂಬೆಗಳಲ್ಲಿ ಯಾವುವು ಗಟ್ಟಿಯಾಗುತ್ತವೆಂದು ಅದೇ ವಿಭಜನೆಗಳ ಪಟ್ಟಿಯಿಂದಲೇ ಹೋಲಿಸಿ ನೋಡುವುದೆಂದು ಒಪ್ಪಿಕೊಂಡಿದ್ದೇವೆ.